ಟವೆಲ್ ಒಳಗಿನ ವ್ಯಾಪಾರ

ಟವೆಲ್ಲಿಗೆ ಕೆಂಪು ಅಂಚೇ ಇರಲಿಲ್ಲ ಅಂತ ಅತ್ತೆ ಹೇಳುತ್ತಾಳೆ. ಹಾಗಾದರೆ ನನ್ನ ಕಣ್ಣಿಗೆ ಈಗಲೂ ಕಾಣುವ ಆ ಕೆಂಪು ಗೆರೆ ಎಲ್ಲಿಂದ ಬಂತು, ಯಾರ ಹೆಗಲ ಮೇಲಿನ ಯಾವ ಟವೆಲ್ಲಿನಿಂದ ಕಿತ್ತು ತಂದು ಅಪ್ಪನ ಟವೆಲ್ಲಿಗೆ ಹೊಲಿದುಕೊಂಡೆ? ಆ ಸಂಜೆ ಮಳೆ ಬಂದು ನಿಂತಿತ್ತು ಅಂತ ನಾನು ನಂಬಿದ್ದೇನೆ. ಅಣ್ಣನ ಪ್ರಕಾರ ಮಳೆಯೇ ಇಲ್ಲ, ಬರೀ ಸೆಕೆ. ಜಗುಲಿಯ ಮೇಲೆ ಅಪ್ಪ ಮತ್ತು ಅಣ್ಣ ಎದುರುಬದುರು ಕೂತಿದ್ದರು ಅನ್ನುವುದರಲ್ಲಿ ಮಾತ್ರ ನಮಗೆ ಯಾರಿಗೂ ತಕರಾರಿಲ್ಲ. ಎಲ್ಲರೂ ಒಪ್ಪಿದ್ದೇವೆ ಅಂದ ಮಾತ್ರಕ್ಕೆ ಅದು ನಿಜ ಆಗಬೇಕಾಗಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡು ಹೇಳಿಕೊಂಡು ಒಂದೇ ಆಕಾರಕ್ಕೆ ಸವೆಸಿರಬಹುದು. ಆದರೂ ಎಲ್ಲಿಂದಾದರೂ ಶುರು ಮಾಡಬೇಕಲ್ಲ.

ಹೋದ ವಾರ ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗಿದ್ದೆ. ಅಪ್ಪನ ಮನೆಯ ಬಾಗಿಲು ದಾಟುತ್ತಿದ್ದ ಹಾಗೆ ಪಕ್ಕದ ಕೋಣೆಯಿಂದ ಒಣಹುಲ್ಲಿನ ಬಿಸಿ ವಾಸನೆ, ಅದರ ಜೊತೆ ಮಾವಿನಕಾಯಿಯ ಸೊನೆಯ ಘಾಟು. ಅತ್ತೆ ಹುಲ್ಲಿನ ನಡುವೆ ಬೇನಿಷಾ ಕಾಯಿಗಳನ್ನು ಹಣ್ಣಿಗೆ ಹಾಕಿದ್ದಳು. ಅಷ್ಟು ಹಣ್ಣು ತಿನ್ನುವವರು ಈಗ ಆ ಮನೆಯಲ್ಲಿ ಯಾರೂ ಇಲ್ಲ. ಬೀದಿಯವರಿಗೆ ಹಂಚುತ್ತಾಳೆ. ಆ ವಾಸನೆಗೆ ನನಗೆ ಮೊದಲು ಬಂದದ್ದು ಆಯಾಸ. ಬೇರೆಯವರಿಗೆ ಇಂಥ ವಾಸನೆ ಬಾಲ್ಯ ತರುತ್ತದಂತೆ. ನನಗೆ ತಂದದ್ದು ಅಪ್ಪನ ಕೊನೆಯ ಮಾವಿನ ಸೀಸನ್ನು, ವಕೀಲರ ಮೆಟ್ಟಿಲು, ಆಸ್ಪತ್ರೆಯ ಬೆಂಚು, ಶ್ರೀನಿವಾಸಪುರ ಕೋಲಾರದ ನಡುವಿನ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಒರಗಿಸಿ ಮಲಗಿದ ಅಪ್ಪ.

ಅಪ್ಪ ಮಾವಿನ ಮಂಡಿ ಇಟ್ಟಿದ್ದವನು. ಮುನಿವೆಂಕಟಪ್ಪ ಅಂದರೆ ಮಾರುಕಟ್ಟೆ ಯಾರ್ಡಿನಲ್ಲಿ ಹಳಬರಿಗೆ ಈಗಲೂ ಗೊತ್ತು. ತೋಟದವರು ಕಾಯಿ ತರುತ್ತಿದ್ದರು, ಹೊರಗಿನ ವ್ಯಾಪಾರಿಗಳು ಕೊಳ್ಳುತ್ತಿದ್ದರು, ಅಪ್ಪ ನಡುವೆ ನಿಂತು ಕಮಿಷನ್ ಹಿಡಿಯುತ್ತಿದ್ದ. ಅವನ ಕಾಲದಲ್ಲಿ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ಕೊಳ್ಳುವವನ ಕೈಯನ್ನು ಹಿಡಿದುಕೊಂಡು ಮೇಲೆ ಟವೆಲ್ ಹಾಕಿಬಿಡುವುದು. ಒಳಗೆ ಬೆರಳು ಹಿಡಿದು, ಮಡಿಸಿ, ಒತ್ತಿ ರೇಟು ಹೇಳುವುದು. ಸುತ್ತ ಎಷ್ಟೇ ಜನ ನಿಂತು ನೋಡಿದರೂ ಕಾಣುವುದು ಬಟ್ಟೆ ಅಲುಗಾಡುವುದಷ್ಟೇ. ಒಪ್ಪಿಗೆಯಾದರೆ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುವುದು. ಒಳಗೆ ಆದದ್ದನ್ನು ಆಚೆ ಹೇಳುವಂತಿಲ್ಲ. ಅಣ್ಣ ಶಾಲೆಯ ರಜದಲ್ಲಿ ಮಂಡಿಗೆ ಹೋಗಿ ಆ ಬೆರಳುಗಳ ಭಾಷೆ ಕಲಿತಿದ್ದ. ಹೆಣ್ಣುಮಕ್ಕಳಿಗೆ ಅದು ಯಾಕೆ ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ನಾನೂ ಕೇಳಲಿಲ್ಲ.

ಆ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ ಇತ್ತು: ಸೀಸನ್ ಮುಗೀಲಿ. ಗೋಡೆಗೆ ಸುಣ್ಣ ಬಳಿಯುವುದು, ನನಗೆ ಗಂಡು ನೋಡುವುದು, ಅತ್ತೆಯ ಕಣ್ಣಿನ ಪೊರೆ ತೆಗೆಸುವುದು, ಎಲ್ಲ ಸೀಸನ್ ಮುಗಿದ ಮೇಲೆ. ನಮ್ಮ ಮನೆಯೊಂದೇ ಅಲ್ಲ, ಇಡೀ ಊರು ಹಾಗೆ. ಯುಗಾದಿಯಿಂದ ಆಷಾಢದವರೆಗೆ ಯಾರೂ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ, ರೋಗವೂ ಕಾಯಬೇಕು. ಅಮ್ಮನ ಹೊಟ್ಟೆನೋವಿಗೂ ಹಾಗೇ ಹೇಳಿದ್ದರಂತೆ. ಅದು ಕಾಯಲಿಲ್ಲ. ನಾನಾಗ ಚಿಕ್ಕವಳು, ಅಮ್ಮನ ಮುಖವನ್ನು ಫೋಟೋದಿಂದಲೇ ಕಲಿತಿದ್ದೇನೆ.

ಅಮ್ಮ ಹೋದ ಮೇಲೆ ನಮ್ಮನ್ನು ಸಾಕಿದವಳು ಅತ್ತೆ, ಅಪ್ಪನ ತಂಗಿ ನಾರಾಯಣಮ್ಮ. ಅಪ್ಪನ ಬಾಯಲ್ಲಿ ನಾರೆಮ್ಮ. ಅವಳನ್ನು ಕೊಟ್ಟಿದ್ದು ಸುಗಟೂರಿಗೆ. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ. ಮೈದುನಂದಿರು ಒಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಅದರಲ್ಲಿ ಏನಿತ್ತು ಅಂತ ಅವಳಿಗೆ ಗೊತ್ತಾದದ್ದು ಅಲ್ಲಿನ ಹಿತ್ತಲಿನಲ್ಲಿ ನೀರು ಸೇದಲೂ ಬಿಡದಿದ್ದಾಗ. ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತು ಅಪ್ಪನ ಮನೆಗೆ ಬಂದವಳು ಇಲ್ಲೇ ಉಳಿದಳು. ನನ್ನ ಜಡೆ, ಅಣ್ಣನ ಜ್ವರ, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲ ಅವಳ ಕೈಯಲ್ಲಿ. ಅಣ್ಣ ನಾಗರಾಜ ಮಾಲೂರಿಗೆ ಹೋಗಿ ಇಟ್ಟಿಗೆ ಗೂಡು ಹಾಕಿದ. ನಾನು ಮುಳಬಾಗಿಲಿನಲ್ಲಿ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿ ಅಲ್ಲೇ ಸಂಸಾರ ಹೂಡಿದೆ. ಶ್ರೀನಿವಾಸಪುರದ ಮನೆಯಲ್ಲಿ ಅಪ್ಪ ಅತ್ತೆ ಇಬ್ಬರೂ ದಿನವೆಲ್ಲ ಒಬ್ಬರನ್ನೊಬ್ಬರು ಬೈದುಕೊಂಡು ನೆಮ್ಮದಿಯಾಗಿದ್ದರು.

ಅಪ್ಪನಿಗೆ ಮರೆವು ಯಾವಾಗ ಶುರುವಾಯಿತು ಅನ್ನುವುದನ್ನು ಯಾರೂ ಸರಿಯಾಗಿ ಹೇಳಲಾರರು. ನನಗೆ ಗೊತ್ತಾದದ್ದು ಮಾವಿನ ಮರ ಹೂ ಬಿಟ್ಟಿದ್ದಾಗ. ಮುಖ ತೊಳೆದುಕೊಂಡು ಬಂದವನು ನನ್ನನ್ನು ನೋಡಿ "ಏಮ್ಮಾ, ಲೋಡು ವಚ್ಚಿಂದಾ?" ಅಂದ. ಲೋಡು ಬಂತಾ ಅಂತ ಅವನು ತೆಲುಗಿನಲ್ಲಿ ಕೇಳುತ್ತಿದ್ದದ್ದು ಮಂಡಿಯ ಹಮಾಲರನ್ನು. ಮಕ್ಕಳ ಜೊತೆ ಅವನು ತೆಲುಗಾಡಿದವನೇ ಅಲ್ಲ. ಬಂತಪ್ಪ ಅಂದೆ. ಸರಿ, ನೆರಳಿಗೆ ಹಾಕ್ಸು ಅಂದು ಒಳಗೆ ಹೋದ. ಒಲೆ ಮುಂದೆ ಇದ್ದ ಅತ್ತೆ ನನ್ನ ಮುಖ ನೋಡಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

ಅತ್ತೆಗೆ ಏನಾದರೂ ಬರೆದಿಡಬೇಕು ಅನ್ನುವ ಮಾತು ಮೊದಲು ಯಾರ ಬಾಯಿಂದ ಬಂತು? ಅಪ್ಪನೇ ಒಂದು ಬೆಳಿಗ್ಗೆ ನನ್ನನ್ನು ಕರೆದು, ನಾನು ಪೂರ್ತಿ ಮರೆಯೋದ್ರೊಳಗೆ ನಾರೆಮ್ಮನಿಗೆ ಒಂದು ದಾರಿ ಮಾಡಬೇಕು ಅಂದ ಅಂತ ನನ್ನ ನೆನಪು. ಬರೆಸಿದರೆ ಆಗಲೇ ಬರೆಸಬೇಕಿತ್ತು. ಆದರೆ ಅದೇ ಉಸಿರಿನಲ್ಲಿ ಅವನೇ, ಸೀಸನ್ ಮುಗೀಲಿ, ಹೋಗೋಣ ಅಂದ. ಅತ್ತೆ ಇದನ್ನು ಒಪ್ಪುವುದಿಲ್ಲ. ಅವನಿಗೆ ಅದೆಲ್ಲ ಎಲ್ಲಿ ಹೊಳೀತಿತ್ತು, ನೀನೇ ತಲೆಗೆ ತುಂಬಿದ್ದು ಅನ್ನುತ್ತಾಳೆ. ಅಣ್ಣನನ್ನು ಕೇಳಿದರೆ ವಕೀಲರು ಶುರು ಮಾಡಿದ್ದು ಅನ್ನುತ್ತಾನೆ. ಆದರೆ ಯಾರೂ ಶುರು ಮಾಡದೆ ನಾವು ವಕೀಲರ ಹತ್ತಿರ ಹೋದದ್ದಾದರೂ ಯಾಕೆ?

ವಕೀಲರು ಕೋಲಾರದಲ್ಲಿದ್ದರು, ನನ್ನ ಸಹೋದ್ಯೋಗಿಯೊಬ್ಬರಿಗೆ ಪರಿಚಯದ ಹೆಂಗಸು. ಮಕ್ಕಳಿರುವಾಗ ತಂಗಿಗೆ ಮನೆಯಲ್ಲಿ ಪಾಲು ಬರುವುದಿಲ್ಲ, ನಿಮ್ಮ ತಂದೆ ಇರುವ ತನಕ ನಿಮ್ಮ ಅತ್ತೆ ಅಲ್ಲಿರುವುದು ಅವರ ಮಾತಿನ ಮೇಲೆ, ಆಮೇಲೆ ನಿಮ್ಮಿಬ್ಬರ ಮಾತಿನ ಮೇಲೆ ಅಂದರು. ನಾವೇನು ಆಚೆ ಹಾಕುವವರಲ್ಲ ಅಂದೆ. ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿಕೊಂಡು, "ನೀವು ಹಾಕಲ್ಲ. ನಿಮ್ಮ ಮಕ್ಕಳು? ಅವರು ಕಟ್ಟಿಕೊಂಡು ಬರೋರು?" ಅಂತ ಕೇಳಿದರು. ಆಮೇಲೆ ಬಿಡಿಸಿ ಹೇಳಿದರು. ಉಯಿಲು ಬರೆಸಬಹುದು, ಆದರೆ ಅದು ಜೀವ ಪಡೆಯುವುದು ಅವರು ಹೋದ ಮೇಲೆ. ಬರೆಯುವಾಗ ಬುದ್ಧಿ ಸ್ಥಿಮಿತದಲ್ಲಿತ್ತಾ ಅಂತ ಆಗ ಕೇಳುವವರು ಹುಟ್ಟಿಕೊಳ್ಳುತ್ತಾರೆ, ಉತ್ತರ ಹೇಳುವವರು ಇರುವುದಿಲ್ಲ. ಅದಕ್ಕಿಂತ ಈಗಲೇ ಮನೆಯನ್ನು ಮಕ್ಕಳ ಹೆಸರಿಗೆ ಮಾಡಿ, ತಂದೆಯನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಹಾಕಿ, ಅತ್ತೆಗೆ ಜೀವ ಇರುವ ತನಕ ಅಲ್ಲಿ ವಾಸ ಮಾಡುವ ಹಕ್ಕು ಬರೆದು ನೋಂದಣಿ ಮಾಡಿಸುವುದು ಮೇಲು. ಮರೆವು ಇದೆ ಅಂದ ಮಾತ್ರಕ್ಕೆ ಸಹಿ ಮಾಡಬಾರದು ಅಂತಿಲ್ಲ. ಮಾಡುವ ಹೊತ್ತಿಗೆ ಏನು ಮಾಡುತ್ತಿದ್ದೇನೆ ಅನ್ನುವುದು ಗೊತ್ತಿರಬೇಕು, ಅಷ್ಟೇ. ಡಾಕ್ಟರ ಪತ್ರ ತನ್ನಿ, ಬೇಗ ತನ್ನಿ. ಬ್ಯಾಂಕಿನ ಖಾತೆಗೆ ಇನ್ನೊಬ್ಬರ ಹೆಸರು ಸೇರಿಸಿ. ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು ಅಂತ ಮನೆಯಲ್ಲಿ ಈಗಲೇ ತೀರ್ಮಾನ ಮಾಡಿಕೊಳ್ಳಿ. ಅವರು ಹೇಳುತ್ತಲೇ ಇದ್ದರು, ನಾನು ತಲೆ ಆಡಿಸುತ್ತಲೇ ಇದ್ದೆ. ಒಬ್ಬ ಮನುಷ್ಯ ಬದುಕಿರುವಾಗಲೇ ಅವನನ್ನು ಇಷ್ಟೊಂದು ಭಾಗಗಳಾಗಿ ಯೋಚಿಸಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಕಾಗದ ಬೇಕಾಗಿದ್ದವಳಿಗೇ ಅದು ಬೇಡವಾಗಿತ್ತು. ಅತ್ತೆಗೆ ಹೇಳಿದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಪತ್ರ ಗಿತ್ರ ಬೇಡ ಕಣಮ್ಮ ಸುಶೀ. ಒಂದು ಸಲ ಪತ್ರಕ್ಕೆ ಒತ್ತಿದ್ದಕ್ಕೇ ನಾನು ಇಲ್ಲಿಗೆ ಬಂದಿದ್ದು. ಇನ್ನೊಂದು ಸಲ ಒತ್ತಿದ್ರೆ ಎಲ್ಲಿಗೆ ಹೋಗಲಿ?"

ಅಣ್ಣನಿಗೆ ಅದು ಬೇರೆ ರೀತಿ ನೋವಾಯಿತು. ಮನೆ ಇರುವುದು ರಸ್ತೆಯ ಮೇಲೆ. ಯಾವುದೋ ಷೋರೂಮಿನವರು ಅಣ್ಣನ ಹತ್ತಿರ ಬಂದು ಮನೆಗೆ ಬೆಲೆ ಕೇಳಿಕೊಂಡು ಹೋಗಿದ್ದರು. ಅಪ್ಪನನ್ನೂ ಅತ್ತೆಯನ್ನೂ ಮಾಲೂರಿಗೆ ಕರೆದುಕೊಂಡು ಹೋಗಿ, ಮೇಲಿನ ಅಂತಸ್ತಿನಲ್ಲಿ ಇಟ್ಟುಕೊಳ್ಳುವುದು ಅವನ ಲೆಕ್ಕ. ಅದು ಕೆಟ್ಟ ಲೆಕ್ಕವೇನಲ್ಲ. ಅತ್ತಿಗೆ ಒಳ್ಳೆಯವಳು. ಅಪ್ಪನಿಗೆ ಅಲ್ಲಿ ದೊಡ್ಡ ಆಸ್ಪತ್ರೆ ಹತ್ತಿರ. ಆದರೆ ಅತ್ತೆ ಮಾಲೂರಿಗೆ ಹೋದರೆ ಎರಡನೇ ದಿನಕ್ಕೇ ಬಸ್ ಸ್ಟ್ಯಾಂಡ್ ಯಾವ ಕಡೆ ಅಂತ ಕೇಳುವವಳು. ಆ ಮನೆ ಬಿಟ್ಟರೆ ಅವಳಿಗೆ ಜಗತ್ತಿನಲ್ಲಿ ಗುರುತಿನ ಬಾಗಿಲು ಇನ್ನೊಂದಿಲ್ಲ. ಫೋನಿನಲ್ಲಿ ನಾನು ಇದನ್ನೆಲ್ಲ ಹೇಳಿದಾಗ ಅಣ್ಣ ಪೂರ್ತಿ ಕೇಳಿಸಿಕೊಂಡ. ಹಿಂದೆ ಗೂಡಿನ ಹತ್ತಿರ ಟ್ರ್ಯಾಕ್ಟರ್ ಸದ್ದು. ಕೊನೆಗೆ, "ನನ್ನ ಎತ್ತಿ ಆಡಿಸಿದೋಳು ಅವಳು. ಅವಳನ್ನ ನನ್ನಿಂದ ಕಾಪಾಡೋಕೆ ಕಾಗದ ಬೇಕಾ ನಿನಗೆ?" ಅಂದ. ಇದಕ್ಕೆ ನಾನು ಏನು ಹೇಳಿದೆ ಅನ್ನುವುದು ನೆನಪಿಲ್ಲ. ಒಳ್ಳೆಯ ಉತ್ತರ ಕೊಟ್ಟಿದ್ದರೆ ನೆನಪಿರುತ್ತಿತ್ತು.

ಆ ವರ್ಷ ಬೇಸಿಗೆ ರಜವನ್ನು ನಾನು ಶ್ರೀನಿವಾಸಪುರದಲ್ಲೇ ಕಳೆದೆ. ಮಂಡಿಯನ್ನು ಅಪ್ಪ ಮೊದಲೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ. ಆದರೂ ಬೆಳಗಾದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಯಾರ್ಡಿಗೆ ಹೊರಡುವನು. ಈಗಿನವರು ಅವನಿಗೆ ಒಂದು ಕುರ್ಚಿ ಹಾಕಿಕೊಡುತ್ತಿದ್ದರು. ಟೀ ತರಿಸುತ್ತಿದ್ದರು. ಕಾಯಿಯ ರಾಶಿಗಳ ನಡುವೆ ಅವನು ಬೆಳಗಿನ ಹೊತ್ತು ಸಂಪೂರ್ಣ ಸರಿಯಾಗಿರುತ್ತಿದ್ದ. ಒಂದು ಕಾಯಿ ಎತ್ತಿ ಮೂತಿ ನೋಡಿ ಯಾವ ಕಡೆಯ ತೋಟದ್ದು ಅಂತ ಹೇಳುವನು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಒಳಗಿನ ದೀಪ ಒಂದೊಂದಾಗಿ ಆರುತ್ತಿತ್ತು. ಒಂದು ದಿನ ಮನೆಗೆ ಬರಲಿಲ್ಲ. ಹುಡುಕಿದರೆ ಚಿಂತಾಮಣಿ ರಸ್ತೆಯ ಯಾರದೋ ತೋಟದಲ್ಲಿ ಒಂದು ಮರದ ಕೆಳಗೆ ನಿಂತು ಫಸಲು ಅಂದಾಜು ಮಾಡುತ್ತಿದ್ದ. ತೋಟದವರು ಅವನನ್ನು ಗುರುತಿಸಿ ನೀರು ಕೊಟ್ಟು ಕೂರಿಸಿಕೊಂಡಿದ್ದರು. ಅವನ ಅಂದಾಜು ಸರಿಯಾಗೇ ಇತ್ತು ಅಂತ ಅವರು ಹೇಳಿದರು. ಸಮಾಧಾನಕ್ಕೆ ಹೇಳಿದ್ದೂ ಇರಬಹುದು.

ಡಾಕ್ಟರ ಹತ್ತಿರ ಹೋದದ್ದು ಬೇನಿಷಾ ಮುಗಿಯುವ ಹೊತ್ತಿಗೆ. ಕೋಲಾರದ ಆಸ್ಪತ್ರೆ, ಉತ್ತರ ಕರ್ನಾಟಕದ ಕಡೆಯ ಸಣ್ಣ ವಯಸ್ಸಿನ ಡಾಕ್ಟರು. ಮರ್ಯಾದೆಯಿಂದ ಮಾತಾಡಿಸಿ, ಇದು ಯಾವ ತಿಂಗಳು ಅಂತ ಕೇಳಿದರು. ಅಪ್ಪ ನನ್ನನ್ನು ನೋಡಿ, ಅವರನ್ನು ನೋಡಿ, "ಬೇನಿಷಾ ಕಡೇದು ಬರ್ತಿದೆ. ತೋತಾಪುರಿ ಇನ್ನೂ ಇಳಿದಿಲ್ಲ" ಅಂದ. ಡಾಕ್ಟರು ತಿಂಗಳ ಹೆಸರು ಬೇಕು ಅಂದರು. ಅಪ್ಪನಿಗೆ ಬೇಜಾರಾಯಿತು. ಹೇಳಿದ್ನಲ್ಲ ಸ್ವಾಮಿ ಅಂದ. ಅಲ್ಲೇ ಇದ್ದ ನರ್ಸ್ ಶ್ರೀನಿವಾಸಪುರದ ಕಡೆಯವಳು, ಸರಿಯಾಗೇ ಹೇಳಿದಾರೆ ಸಾರ್ ಅಂತ ನಕ್ಕಳು. ಡಾಕ್ಟರೂ ನಕ್ಕರು. ಮನೆ ಯಾರಿಗೆ ಕೊಡ್ತೀರ ಅಂತ ಕೇಳಿದ್ದಕ್ಕೆ, ಮಕ್ಕಳಿಗೆ, ಆದರೆ ನಾರೆಮ್ಮ ಇರೋ ತನಕ ಅವಳನ್ನ ಅಲ್ಲಾಡಿಸಬಾರದು ಅಂತ ಅಪ್ಪ ನಿಚ್ಚಳವಾಗಿ ಹೇಳಿದ. ಈ ಮಾತನ್ನು ನಾನು ಕೇಳಿದ್ದೇನೆ. ಇಡೀ ಕಥೆಯಲ್ಲಿ ಪ್ರಮಾಣ ಮಾಡಿ ಹೇಳಬಲ್ಲ ಮಾತು ಇದೊಂದೇ. ಸದ್ಯಕ್ಕೆ ತಿಳಿವಳಿಕೆ ಇದೆ ಅಂತ ಡಾಕ್ಟರು ಬರೆದುಕೊಟ್ಟರು. ಸದ್ಯಕ್ಕೆ ಅನ್ನುವುದರ ಕೆಳಗೆ ಗೆರೆ ಎಳೆದರು.

ಅವತ್ತೇ ನೋಂದಣಿಗೆ ಹೋಗಬೇಕಿತ್ತು. ಆದರೆ ಅಣ್ಣ ಬರಬೇಕು, ಅಣ್ಣನಿಗೆ ಮಳೆ ಹಿಡಿಯುವುದರೊಳಗೆ ಗೂಡು ಸುಟ್ಟು ಮುಗಿಸಬೇಕು. ಸಾಕ್ಷಿ ಹಾಕಲು ಒಪ್ಪಿದ್ದ ಅಪ್ಪನ ಸ್ನೇಹಿತರಿಬ್ಬರೂ ಮಂಡಿಯವರು. ಎರಡು ವಾರ ತಡೀಮ್ಮ, ತೋತಾಪುರಿ ಹೊರೆ ಇಳೀಲಿ ಅಂದರು. ಯಾರದೂ ನೆಪ ಅಲ್ಲ. ಎಲ್ಲರಿಗೂ ನಿಜವಾದ ಕೆಲಸ ಇತ್ತು, ಎಲ್ಲರ ಹಣ್ಣೂ ಮರದಲ್ಲಿತ್ತು. ಆ ಊರಿನಲ್ಲಿ ಹಣ್ಣು ಕಾಯುವುದಿಲ್ಲ ಅಂತ ಹೇಳಬಹುದು, ಮನುಷ್ಯ ಕಾಯುವುದಿಲ್ಲ ಅಂತ ಹೇಳುವುದು ಕಷ್ಟ.

ನೋಂದಣಿ ಕಚೇರಿಗೆ ಹೋದ ದಿನ ಅಪ್ಪ ಬೆಳಿಗ್ಗೆ ಚೆನ್ನಾಗಿದ್ದ. ತಾನೇ ಶರ್ಟಿನ ಗುಂಡಿ ಹಾಕಿಕೊಂಡ. ದಾರಿಯಲ್ಲಿ ಅಣ್ಣನಿಗೆ, ಏನ್ಲಾ, ಮಣ್ಣು ಬೇಯಿಸಿ ಮಾರ್ತೀಯ, ಕೊಳೆಯೋ ಭಯ ಇಲ್ಲ, ನಿನ್ನದೇ ಒಳ್ಳೆ ವ್ಯಾಪಾರ ಅಂತ ಛೇಡಿಸಿದ. ಕಚೇರಿಯಲ್ಲಿ ಜನ ತುಂಬಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ಊಟದ ಹೊತ್ತು ದಾಟಿತ್ತು. ಬೆಂಚಿನ ಮೇಲೆ ಅಪ್ಪ ಪಕ್ಕದವನನ್ನು ಹಮಾಲ ಅಂದುಕೊಂಡು ತೆಲುಗಿನಲ್ಲಿ ಮಾತಾಡಿಸಲು ಶುರು ಮಾಡಿದಾಗಲೇ ನನಗೆ ಗೊತ್ತಾಯಿತು. ಅಣ್ಣನ ಕಡೆ ನೋಡಿದೆ. ಅವನೂ ನನ್ನ ಕಡೆ ನೋಡಿದ. ಎದ್ದು ಹೋಗೋಣ ಅಂತ ಇಬ್ಬರಲ್ಲಿ ಒಬ್ಬರೂ ಅನ್ನಲಿಲ್ಲ.

ಅಧಿಕಾರಿ ತಾಳ್ಮೆಯ ಮನುಷ್ಯ. ಯಜಮಾನರೇ, ಈ ಪತ್ರದಲ್ಲಿ ಏನು ಬರೆಸಿದೀರಿ ಅಂತ ಕೇಳಿದರು. ಅಪ್ಪ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಿದ್ದ. ಇನ್ನೊಂದು ಸಲ ಕೇಳಿದರು. ಅಪ್ಪ ನಗುತ್ತಾ, ಊಟ ಆಯ್ತಾ ಸ್ವಾಮಿ ಅಂದ. ಅವರು ಪೆನ್ನನ್ನು ಮುಚ್ಚಿಟ್ಟು ನಮ್ಮನ್ನು ಕರೆದು ಮೆಲ್ಲಗೆ ಹೇಳಿದರು. ಇವರಿಗೆ ತಿಳಿಯದೆ ನಾನು ಮಾಡಿಬಿಟ್ಟರೆ ನಾಳೆ ಈ ಕಾಗದವೇ ನಿಮಗೆ ತೊಡಕಾಗುತ್ತದೆ, ಚೆನ್ನಾಗಿರುವ ದಿನ ಕರೆದುಕೊಂಡು ಬನ್ನಿ. ಅವರು ಹೇಳಿದ್ದು ಸರಿಯಾಗೇ ಇತ್ತು. ಸರಿಯಾದ ಮಾತು ಕೇಳಿ ಅಷ್ಟು ಸುಸ್ತಾದದ್ದು ನನಗೆ ಅದೇ ಮೊದಲು.

ಚೆನ್ನಾಗಿರುವ ದಿನ ಮತ್ತೆ ಬರಲಿಲ್ಲ. ಬೆಳಗುಗಳೂ ಹೋದವು. ಆದರೆ ಅದು ಆಮೇಲಿನ ಮಾತು. ಅವತ್ತು ಸಂಜೆ, ಮಳೆ ಬಂದೋ ಬಾರದೆಯೋ, ನಾವು ಮನೆಗೆ ಬಂದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಪತ್ರದ ವಿಷಯ ಕೇಳಲಿಲ್ಲ, ಅವನಿಗೆ ಏನಾದ್ರೂ ತಿನ್ನಿಸಿದ್ರಾ ಅಂತ ಕೇಳಿದಳು. ಅಣ್ಣ ಜಗುಲಿಯ ಮೇಲೆ ಕೂತು, ಆಗಲಿಲ್ಲ ಅತ್ತೆ, ಆಗದೆ ಇದ್ರೇನೀಗ, ನಾನಿಲ್ವಾ ಅಂದ. ಅತ್ತೆ, ಇದೀಯಪ್ಪ, ಇರು, ಕಾಫಿ ತರ್ತೀನಿ ಅಂದು ಒಳಗೆ ಹೋದಳು. ಅವಳ ದನಿಯಲ್ಲಿ ಸಮಾಧಾನ ಇತ್ತೋ ಭಯ ಇತ್ತೋ ತಿಳಿಯಲಿಲ್ಲ. ಅವಳ ದನಿ ಎರಡಕ್ಕೂ ಒಂದೇ ಥರ ಇರುತ್ತದೆ.

ಅಪ್ಪ ಅಣ್ಣನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಕೈ ಚಾಚಿದ. ನೀರು ಕೇಳುತ್ತಿದ್ದಾನೆ ಅಂದುಕೊಂಡು ಅಣ್ಣ ಚೊಂಬು ಮುಂದೆ ಮಾಡಿದ. ಅಪ್ಪ ಚೊಂಬನ್ನು ಪಕ್ಕಕ್ಕೆ ಸರಿಸಿ, ಅಣ್ಣನ ಬಲಗೈಯನ್ನೇ ಹಿಡಿದು, ಹೆಗಲಿನ ಟವೆಲ್ ಎಳೆದು ಎರಡೂ ಕೈಗಳ ಮೇಲೆ ಹಾಕಿದ.

ಅಣ್ಣ ನಕ್ಕ. "ಯಾವ ಲೋಡಪ್ಪಾ ಈಗ?"

ಅಪ್ಪ ನಗಲಿಲ್ಲ. ಮುಖದಲ್ಲಿ ಮಂಡಿಯ ಕಾಲದ ಆ ಹಳೆಯ ಗಂಟು ಬಂದಿತ್ತು, ಎದುರಿನವನನ್ನು ನೋಡದೆ ಬೀದಿಯ ಕಡೆ ನೋಡುವ ಭಂಗಿ. ಟವೆಲ್ ಅಲುಗಾಡಿತು. ಅಣ್ಣನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತು ಆಮೇಲೆ ಹೋಯಿತು. ಅವನು ತಲೆ ಅಡ್ಡ ಆಡಿಸಿದ. ಟವೆಲ್ ಮತ್ತೆ ಅಲುಗಾಡಿತು. ಅಣ್ಣ ಮತ್ತೆ ಬೇಡ ಅನ್ನುವ ಹಾಗೆ ತಲೆ ಆಡಿಸಿ, ಕೈ ಬಿಡಿಸಿಕೊಳ್ಳಲು ನೋಡಿದ. ಅಪ್ಪ ಬಿಡಲಿಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಬಟ್ಟೆಯ ಕೆಳಗೆ ಏನೋ ಜೀವ ಇರುವ ಪ್ರಾಣಿ ಮಗ್ಗಲು ಬದಲಿಸುತ್ತಿರುವ ಹಾಗೆ ಕಾಣುತ್ತಿತ್ತು. ಕಚೇರಿಯಲ್ಲಿ ಒಂದು ಮಾತು ಆಡಲಾರದವನು ಇಲ್ಲಿ ಹಟ ಹಿಡಿದು ಏನನ್ನೋ ಹೇಳುತ್ತಿದ್ದ. ಎಷ್ಟು ಹೊತ್ತು ಹಾಗೆ ಕೂತಿದ್ದರೋ. ಕಾಫಿ ತಂದ ಅತ್ತೆಯೂ ನನ್ನ ಹಿಂದೆ ನಿಂತುಬಿಟ್ಟಳು. ಕೊನೆಗೆ ಅಣ್ಣನ ಭುಜ ಇಳಿಯಿತು. ಅಪ್ಪ ಟವೆಲ್ ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ವ್ಯಾಪಾರ ಕುದುರಿದಾಗ ಏಳುತ್ತಿದ್ದ ಹಾಗೇ ಎದ್ದ. ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು, ಸಕ್ಕರೆ ಹಾಕಿದೀಯಾ ಅಂತ ಬೈಯುತ್ತಾ ಒಳಗೆ ಹೋದ.

ಅಣ್ಣ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ. ಏನಂದ ಅಪ್ಪ ಅಂತ ಕೇಳಿದೆ.

"ವ್ಯಾಪಾರ."

"ಏನು ವ್ಯಾಪಾರ?"

"ಟವೆಲ್ ಒಳಗಿಂದು ಆಚೆ ಹೇಳ್ತಾರೇನೇ?" ಅಂದ. ಕಾಫಿ ಕುಡಿಯದೆ ಮಾಲೂರಿಗೆ ಹೊರಟುಹೋದ.

ಇದನ್ನು ಬರೆಯುತ್ತಿರುವಾಗ ನನಗೇ ಅನುಮಾನ. ಅಣ್ಣ ತಲೆ ಅಡ್ಡ ಆಡಿಸಿದ್ದು ನಿಜವೇ, ಅಥವಾ ಆಮೇಲೆ ಆದದ್ದನ್ನು ತಿಳಿದುಕೊಂಡು ಈ ಸಂಜೆಯನ್ನು ನಾನು ಅದಕ್ಕೆ ಹೊಂದಿಸಿಕೊಂಡೆನೇ? ಅತ್ತೆಗೆ ತಲೆ ಆಡಿಸಿದ್ದು ನೆನಪಿಲ್ಲ. ಅವಳಿಗೆ ನೆನಪಿರುವುದು ಅವನು ಕಾಫಿ ಬಿಟ್ಟು ಹೋದದ್ದು.

ಅಪ್ಪ ಮುಂದಿನ ಹೂವಿನ ಕಾಲ ನೋಡಲಿಲ್ಲ. ಚಳಿಗಾಲದಲ್ಲಿ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು ಅಂತ ವಕೀಲರು ಕೇಳಿದ್ದ ಪ್ರಶ್ನೆ ಬಂದೇ ಬಂತು. ತೀರ್ಮಾನ ಮಾಡಿರಲಿಲ್ಲ. ಅಣ್ಣ ಹಾಕಿದ. ಕೊನೆಯ ದಿನಗಳಲ್ಲಿ ಅಪ್ಪನಿಗೆ ನಮ್ಮಲ್ಲಿ ಯಾರ ಗುರುತೂ ಸಿಗುತ್ತಿರಲಿಲ್ಲ. ಅತ್ತೆಯನ್ನು ಮಾತ್ರ ತನ್ನ ತಾಯಿ ಅಂದುಕೊಂಡು ಅಮ್ಮಾ ಅಮ್ಮಾ ಅನ್ನುತ್ತಿದ್ದ. ಅವಳು ಪ್ರತಿ ಸಲವೂ ಏನಪ್ಪಾ ಅಂತ ಓಗೊಟ್ಟಳು.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆ ಕಬ್ಬಿಣದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸುತ್ತಿದ್ದಳು. ಅದು ಯಾಕೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಅಣ್ಣ ಬಂದು ಪೆಟ್ಟಿಗೆಯ ಮೇಲೆಯೇ ಕೂತ. "ಅತ್ತೆಗೆ ಬರೆದುಕೊಡೋಣ ಕಣೇ," ಅಂದ ನನಗೆ. ಅವಳು ಅಲ್ಲೇ ಇದ್ದರೂ ನನಗೆ ಹೇಳಿದ. ಷೋರೂಮಿನವರಿಗೆ ಇಲ್ಲ ಅಂತ ಹೇಳಿಯಾಗಿದೆ ಅಂದ. ಸರಿ ಅಂದೆ. ನನ್ನ ಮನಸ್ಸಿನಲ್ಲಿದ್ದ ಮಾತನ್ನೇ ಅವನು ಆಡಿದ್ದರಿಂದ ನನಗೆ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಯಾರೋ ಹೊರೆ ಇಳಿಸಿದ ಮೇಲೂ ಕತ್ತು ಬಗ್ಗಿಯೇ ಇರುತ್ತದಲ್ಲ, ಹಾಗಿತ್ತು.

ಅದೇ ಕಚೇರಿಗೆ ಹೋದೆವು. ಮನೆ ಈಗ ನಮ್ಮಿಬ್ಬರದು, ಹಾಗಾಗಿ ಬರೆದುಕೊಡುವವರೂ ನಾವೇ. ಕರಡು ಓದಿದ ವಕೀಲರಿಗೇ ಆಶ್ಚರ್ಯವಾಗುವ ಹಾಗೆ ಅಣ್ಣ ಷರತ್ತುಗಳನ್ನು ಸೇರಿಸಿದ್ದ. ವಾಸದ ಹಕ್ಕು ಒಂದೇ ಅಲ್ಲ, ಅವಳ ಔಷಧಿ, ಊಟ, ಬಟ್ಟೆ ನಮ್ಮಿಬ್ಬರ ಹೊಣೆ. ಅವಳು ಇರುವ ತನಕ ಒಂದು ಗೋಡೆಯನ್ನೂ ಕೆಡವುವಂತಿಲ್ಲ. ನಮ್ಮ ಮಕ್ಕಳೂ ಇದಕ್ಕೆ ಬದ್ಧ. ನಾನು ಹೇಳಿದ್ದರೆ ಇಷ್ಟು ಬರೆಸುತ್ತಿರಲಿಲ್ಲ. ಅಷ್ಟು ಕರಾರುವಾಕ್ಕಾಗಿ ಅದು ಎಲ್ಲಿಂದ ಬಂತು ಅಂತ ಅವತ್ತೇ ನನಗೆ ಅನ್ನಿಸಿತ್ತು.

ಅತ್ತೆ ಬೆರಳಚ್ಚಿನ ಯಂತ್ರದ ಮುಂದೆ ನಿಂತು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡುಬಿಟ್ಟಳು. ಸುಗಟೂರಿನ ಆ ಪತ್ರ ನೆನಪಾಯಿತೇನೋ. ಇದು ಬಿಟ್ಟುಕೊಡೋದಕ್ಕಲ್ಲ ಅತ್ತೆ, ಇಟ್ಟುಕೊಳ್ಳೋದಕ್ಕೆ ಅಂತ ನಾನು ಹೇಳಿದೆ. ಅವಾಗ್ಲೂ ಹಂಗೇ ಹೇಳಿದ್ರು ಅಂದಳು. ಸಾಲಿನಲ್ಲಿ ನಿಂತಿದ್ದವರು ನಕ್ಕರು, ಅವಳೂ ನಕ್ಕಳು, ಕೈ ಆಚೆ ಬಂತು. ಆದರೆ ಯಂತ್ರ ಅವಳ ಹೆಬ್ಬೆಟ್ಟನ್ನು ಓದಲಿಲ್ಲ. ಪಾತ್ರೆ ತಿಕ್ಕಿ, ರಾಗಿ ಬೀಸಿ ಗೆರೆಗಳೆಲ್ಲ ಸವೆದಿದ್ದವು. ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಹೆಬ್ಬೆಟ್ಟನ್ನು ಒರೆಸಿದ, ಒತ್ತಿಸಿದ, ಮತ್ತೆ ಒರೆಸಿದ. ಅಷ್ಟು ಹೊತ್ತೂ ಅವಳ ಕೈ ಅವನ ಕೈಯೊಳಗೆ ಟವೆಲ್ಲಿನಲ್ಲಿತ್ತು. ಅದಕ್ಕೆ ಕೆಂಪು ಅಂಚಿತ್ತು. ಬಹುಶಃ ನನ್ನ ಕೆಂಪು ಅಂಚು ಬಂದದ್ದು ಅಲ್ಲಿಂದಲೇ.

ಹೋದ ವಾರ ಅತ್ತೆ ಕೊಟ್ಟ ಹಣ್ಣಿನ ಚೀಲ ಹಿಡಿದುಕೊಂಡು ಮನೆಗೆ ಬಂದಾಗ ನನ್ನವರು, ನಮ್ಮದೂ ಒಂದು ಉಯಿಲು ಬರೆಸಿಡಬೇಕಲ್ಲ, ಇಬ್ಬರಿಗೂ ವಯಸ್ಸಾಯ್ತು ಅಂದರು. ಸೀಸನ್ ಮುಗೀಲಿ ಅಂದುಬಿಟ್ಟೆ. ನಮಗೆ ತೋಟ ಇಲ್ಲ, ಮಂಡಿ ಇಲ್ಲ. ಅವರು ನನ್ನ ಮುಖ ನೋಡಿದರು.

ಅಣ್ಣನಿಗೆ ಫೋನ್ ಮಾಡಿ ಇನ್ನೊಂದು ಸಲ ಕೇಳಿದೆ, ಅವತ್ತು ಅಪ್ಪ ಟವೆಲ್ ಒಳಗೆ ಏನು ಹೇಳಿದ ಅಂತ. ಈ ಸಲ ಅವನು ಹಳೆಯ ಉತ್ತರ ಕೊಡಲಿಲ್ಲ. ನೆನಪಿಲ್ಲ ಕಣೇ ಸುಶೀ ಅಂದ. ಅವನಿಗೂ ಈಗ ಬೈಕಿನ ಬೀಗದ ಕೈ ಎಲ್ಲಿಟ್ಟೆ ಅನ್ನುವುದು ಮರೆಯುತ್ತದಂತೆ, ಅತ್ತಿಗೆ ಹೇಳುತ್ತಿದ್ದಳು. ಹಾಗಾಗಿ ಅದು ಸುಳ್ಳು ಅನ್ನಲಾರೆ, ನಿಜ ಅಂತಲೂ ಅನ್ನಲಾರೆ. ಅಪ್ಪ ಅತ್ತೆಗಾಗಿ ಮಗನ ಹತ್ತಿರ ಕೊನೆಯ ವ್ಯಾಪಾರ ಮಾಡಿದನೋ, ಯಾವುದೋ ಹಳೆಯ ವರ್ಷದ ತೋತಾಪುರಿ ಲೋಡಿಗೆ ರೇಟು ಹಿಡಿದು ಕೂತಿದ್ದನೋ, ಅದನ್ನೇ ಅಣ್ಣ ಮನೆಯ ಮಾತು ಅಂದುಕೊಂಡನೋ, ಅಥವಾ ತಾನೇ ಮಾಡಿಕೊಂಡ ತೀರ್ಮಾನಕ್ಕೆ ಆ ಟವೆಲ್ ಹೊದಿಸಿದನೋ. ಅತ್ತೆ ಆ ಮನೆಯಲ್ಲಿದ್ದಾಳೆ. ಹುಲ್ಲಿನಲ್ಲಿ ಹಣ್ಣು ಇಡುತ್ತಿದ್ದಾಳೆ. ಅವಳು ಅಲ್ಲಿರುವುದು ಯಾರ ಮಾತಿನ ಮೇಲೆ ಅನ್ನುವುದು ನನಗೆ ಗೊತ್ತಿಲ್ಲ.